ಒಂಟಿಯಾಗಿ ನಿಲ್ಲದ ಪದ

ನರ್ಸ್: ನೈಟ್ ಡ್ಯೂಟಿ ಮುಗಿಸಿ ಸೀದಾ ಇಲ್ಲಿಗೇ ಬಂದೆ, ಟೀಚರ್. ಒಂದೇ ಒಂದು ಪದದಿಂದಾಗಿ ಇವತ್ತು ಬೆಳಗ್ಗೆ ಇಡೀ ವಾರ್ಡಿನ ಎದುರು ತಲೆ ತಗ್ಗಿಸಿ ನಿಂತೆ.

ಟೀಚರ್: ಮೊದಲು ಕೂತುಕೋ. ಯಾವ ಪದ?

ನರ್ಸ್: ‘ಗೇವ್’. ರಾತ್ರಿ ರಕ್ತಹೀನತೆಯಿದ್ದ ಒಬ್ಬರಿಗೆ ಎರಡು ಯೂನಿಟ್ ರಕ್ತ ಕೊಟ್ಟಿದ್ದೆವು. ನೋಟ್ಸಿನಲ್ಲಿ ‘ಪೇಶೆಂಟ್ ಗೇವ್ ಟೂ ಯೂನಿಟ್ಸ್ ಆಫ್ ಬ್ಲಡ್’ ಅಂತ ಬರೆದೆ. ಹ್ಯಾಂಡೋವರ್ ಹೊತ್ತಿಗೆ ಸೀನಿಯರ್ ಅದನ್ನು ಗಟ್ಟಿಯಾಗಿ ಓದಿ, ‘ಮೈಯಲ್ಲಿ ರಕ್ತವೇ ಇಲ್ಲದವರಿಂದ ಎರಡು ಯೂನಿಟ್ ತೆಗೆದವರು ಯಾರಮ್ಮ?’ ಅಂತ ಕೇಳಿದರು. ಎಲ್ಲರೂ ನಕ್ಕರು. ರಕ್ತದ ಚೀಟಿ, ಸಮಯ, ಸಹಿ ಎಲ್ಲ ಬೇರೆ ಹಾಳೆಯಲ್ಲಿ ಸರಿಯಾಗಿದ್ದವು, ರೋಗಿಗೆ ಏನೂ ತೊಂದರೆ ಆಗಲಿಲ್ಲ. ಆದರೆ ಆ ಸಾಲು ಮಾತ್ರ ನನ್ನ ಕೈಬರಹದಲ್ಲಿ ಅಲ್ಲೇ ಇದೆ.

ಟೀಚರ್: ನಕ್ಕಿದ್ದು ತಪ್ಪು, ಕೇಳಿದ್ದು ಸರಿ. ನೀನು ಬರೆದದ್ದು ವ್ಯಾಕರಣದಲ್ಲಿ ಒಂದು ಕುಂದೂ ಇಲ್ಲದ ಇಂಗ್ಲಿಷ್ ವಾಕ್ಯ. ಅಪಾಯ ಇರೋದೇ ಅಲ್ಲಿ. ‘ರೋಗಿ ರಕ್ತ ಕೊಟ್ಟರು’ ಅಂತ ಅದು ಖಚಿತವಾಗಿ ಹೇಳುತ್ತೆ. ನೀನು ಹೇಳಬೇಕಾಗಿದ್ದದ್ದು ‘ರೋಗಿಗೆ ರಕ್ತ ಕೊಟ್ಟೆವು’ ಅಂತ. ಕನ್ನಡದಲ್ಲಿ ಆ ‘ಗೆ’ ಪ್ರತ್ಯಯ ಇದೆಯಲ್ಲ, ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಅನ್ನೋದನ್ನ ಅದೊಂದೇ ಬೇರ್ಪಡಿಸಿಬಿಡುತ್ತೆ. ಇಂಗ್ಲಿಷಿನಲ್ಲಿ ‘ಪೇಶೆಂಟ್’ ಅನ್ನೋ ಪದಕ್ಕೆ ಅಂಥ ಬಾಲ ಇಲ್ಲ. ಆ ಭಾರವೆಲ್ಲ ಕ್ರಿಯಾಪದದ ಮೇಲೆ ಬೀಳುತ್ತೆ. ‘ಪೇಶೆಂಟ್ ಗೇವ್’ ಅಂದರೆ ರೋಗಿ ಕೊಟ್ಟರು. ‘ಪೇಶೆಂಟ್ ವಾಸ್ ಗಿವನ್’ ಅಂದರೆ ರೋಗಿಗೆ ಕೊಡಲಾಯಿತು. ನಮ್ಮ ‘ಗೆ’ ಮಾಡುವ ಕೆಲಸವನ್ನ ಅಲ್ಲಿ ‘ವಾಸ್’ ಮತ್ತು ಒಂದು ‘ನ್’ ಸೇರಿ ಮಾಡುತ್ತವೆ.

ನರ್ಸ್: ಗಿವ್, ಗೇವ್, ಗಿವನ್ ಅಂತ ನೀವು ಹೇಳಿಕೊಟ್ಟಿದ್ದು ನನಗೆ ಇವತ್ತಿಗೂ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ. ಆದರೆ ಬರೆಯುವಾಗ ಕೈ ಎರಡನೆಯದಕ್ಕೇ ಹೋಗುತ್ತೆ.

ಟೀಚರ್: ಅದರಲ್ಲಿ ನನ್ನ ಪಾಲೂ ಇದೆ. ಮೂವತ್ತು ವರ್ಷ ಆ ಪಟ್ಟಿಯನ್ನ ಮಗ್ಗಿಯ ಹಾಗೆ ಹೇಳಿಸಿದೆ. ಮೂರನೇ ಕಂಬಸಾಲು ಯಾಕಿದೆ, ಅದರ ಕೆಲಸ ಏನು ಅಂತ ಮನಮುಟ್ಟುವ ಹಾಗೆ ಹೇಳಲಿಲ್ಲ. ಈಗ ಹೇಳ್ತೀನಿ, ಕೇಳು. ‘ಹೋಗು’ ಧಾತುವನ್ನ ತಗೋ. ನಿಮ್ಮಣ್ಣ ನಿನ್ನೆ ಊರಿಗೆ ಏನು ಮಾಡಿದ?

ನರ್ಸ್: ಹೋದ.

ಟೀಚರ್: ಈಗ ಮನೆಯಲ್ಲಿ ಇಲ್ಲ. ಯಾರೋ ಕೇಳಿದರು. ಏನು ಹೇಳ್ತೀಯ?

ನರ್ಸ್: ಊರಿಗೆ ಹೋಗಿದ್ದಾನೆ.

ಟೀಚರ್: ‘ಹೋದಿದ್ದಾನೆ’ ಅಂತ ಯಾಕೆ ಹೇಳಲಿಲ್ಲ?

ನರ್ಸ್: ಹಾಗೆ ಯಾರಾದರೂ ಹೇಳ್ತಾರಾ? ಕಿವಿಗೇ ಹಿಡಿಸಲ್ಲ.

ಟೀಚರ್: ‘ಹಿ ಹ್ಯಾಸ್ ವೆಂಟ್’ ಅಂದರೆ ಇಂಗ್ಲಿಷ್ ಕಿವಿಗೆ ಹಾಗೇ ಕೇಳಿಸುತ್ತೆ. ಹೋಗು, ಹೋದ, ಹೋಗಿ. ಗೋ, ವೆಂಟ್, ಗಾನ್. ‘ಹೋದ’ ತನ್ನ ಕಾಲ ಮೇಲೆ ತಾನೇ ನಿಲ್ಲುವ ಪೂರ್ಣ ಕ್ರಿಯಾಪದ. ‘ಹೋಗಿ’ ಹಾಗಲ್ಲ. ‘ಅಣ್ಣ ಊರಿಗೆ ಹೋಗಿ’ ಅಂತ ಸುಮ್ಮನಾದರೆ ಎದುರಿನವರು ಬಾಯಿ ನೋಡ್ತಾ ನಿಲ್ತಾರೆ. ಹೋಗಿ ಇದ್ದಾನೋ, ಹೋಗಿ ಬಂದನೋ, ಹೋಗಿ ಬಿಟ್ಟನೋ? ಇನ್ನೊಂದು ಕ್ರಿಯೆ ಬಂದು ಹೆಗಲು ಕೊಡಬೇಕು. ನಮ್ಮ ವ್ಯಾಕರಣದಲ್ಲಿ ಇದನ್ನ ಕೃದಂತಾವ್ಯಯ ಅಂತಾರೆ, ಸಾಪೇಕ್ಷ ಕ್ರಿಯೆ ಅಂತಲೂ ಹೇಳ್ತಾರೆ. ಸಾಪೇಕ್ಷ ಅಂದರೆ ಇನ್ನೊಂದನ್ನ ಕಾಯುವಂಥದ್ದು. ಇಂಗ್ಲಿಷಿನ ಮೂರನೇ ರೂಪವೂ ಕಾಯುವ ಪದವೇ. ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಒಂದು ಕಡೆ. ‘ಈಸ್’, ‘ವಾಸ್’, ‘ಬೀನ್’ ಇನ್ನೊಂದು ಕಡೆ. ಇವುಗಳಲ್ಲಿ ಒಂದು ಹೆಗಲು ಕೊಟ್ಟರೇನೇ ‘ಗಾನ್’, ‘ಗಿವನ್’, ‘ಸೀನ್’ ನಿಲ್ಲುತ್ತವೆ.

ನರ್ಸ್: ಹಾಗಾದರೆ ‘ಐ ಸೀನ್ ಹಿಮ್’ ಅನ್ನೋದು ‘ನಾನು ಅವನನ್ನು ನೋಡಿ’ ಅಂತ ಮಾತು ನಿಲ್ಲಿಸಿದ ಹಾಗೆ. ‘ಐ ಹ್ಯಾವ್ ಸಾ’ ಅನ್ನೋದು ‘ನೋಡಿದೆ ಇದ್ದೀನಿ’ ಅಂದ ಹಾಗೆ.

ಟೀಚರ್: ಸರಿಯಾಗಿ ಹಿಡಿದೆ. ನಿನ್ನೊಳಗೆ ಈ ನಿಯಮ ಹುಟ್ಟಿನಿಂದಲೇ ಇದೆ. ಆಗಿದೆ ಅಂತೀಯ, ‘ಆದಿದೆ’ ಅನ್ನಲ್ಲ. ಮಾಡಿದ್ದಾನೆ ಅನ್ನುವಾಗ ಒಳಗೆ ಇರೋದು ‘ಮಾಡಿ’ ಮತ್ತು ‘ಇದ್ದಾನೆ’. ‘ಮಾಡಿದ’ ಅಲ್ಲ.

ನರ್ಸ್: ಆದರೆ ಒಂದು ಅನುಮಾನ. ನಮ್ಮ ನೋಟ್ಸಿನಲ್ಲಿ ಎಲ್ಲರೂ ‘ಇಂಜೆಕ್ಷನ್ ಗಿವನ್’, ‘ಸ್ಯಾಂಪಲ್ ಟೇಕನ್’ ಅಂತಲೇ ಬರೀತಾರೆ. ಅಲ್ಲಿ ಹೆಗಲು ಕೊಡೋ ಪದವೇ ಇಲ್ಲವಲ್ಲ?

ಟೀಚರ್: ಇದೆ, ಬರೆದಿಲ್ಲ ಅಷ್ಟೇ. ಅವಸರದ ಬರವಣಿಗೆಯಲ್ಲಿ ‘ವಾಸ್’ ಅನ್ನೋದನ್ನ ನುಂಗಿಬಿಡ್ತಾರೆ. ‘ಗಿವನ್’ ಕಂಡ ಕೂಡಲೇ ಓದುವವರು ಅದನ್ನ ಮನಸ್ಸಿನಲ್ಲೇ ತುಂಬಿಕೊಳ್ತಾರೆ, ಯಾಕಂದರೆ ಆ ಪದ ಒಂಟಿಯಾಗಿ ನಿಲ್ಲಲ್ಲ ಅಂತ ಅವರಿಗೆ ಗೊತ್ತು. ನೀನು ‘ಗೇವ್’ ಬರೆದಾಗ ತುಂಬಿಕೊಳ್ಳೋಕೆ ಜಾಗವೇ ಉಳಿಯಲಿಲ್ಲ.

ನರ್ಸ್: ಈಗ ಇನ್ನೊಂದು ಹೊಳೀತಿದೆ. ‘ಡಾಕ್ಟರ್ ಇನ್‌ಫಾರ್ಮ್ಡ್’ ಅಂತ ದಿನಾ ಬರೀತೀವಿ. ಡಾಕ್ಟರಿಗೆ ತಿಳಿಸಿದ್ವಿ ಅನ್ನೋ ಅರ್ಥದಲ್ಲಿ. ಆದರೆ ಡಾಕ್ಟರೇ ಮನೆಯವರಿಗೆ ತಿಳಿಸಿದರು ಅಂತಲೂ ಓದಬಹುದಲ್ಲ?

ಟೀಚರ್: ಓದಬಹುದು. ‘ಇನ್‌ಫಾರ್ಮ್’ ಕ್ರಮಬದ್ಧ ಕ್ರಿಯಾಪದ, ಎರಡನೇ ಮತ್ತು ಮೂರನೇ ರೂಪ ಎರಡೂ ಒಂದೇ. ಅಂಥ ಕಡೆ ‘ವಾಸ್’ ನುಂಗಿದರೆ ಗೊಂದಲ ತಪ್ಪಿದ್ದಲ್ಲ. ಅಕ್ರಮ ಅಂತ ನಾವು ಬೈಯುವ ಗಿವ್, ಟೇಕ್, ಸೀ ಇವೆಯಲ್ಲ, ಇವು ಎರಡು ರೂಪಗಳನ್ನ ಬೇರೆಬೇರೆಯಾಗಿ ಇಟ್ಟುಕೊಂಡು ಅರ್ಥವನ್ನ ಕಾಪಾಡ್ತವೆ. ಕಲಿಯೋದು ಕಷ್ಟ. ಕಲಿತ ಮೇಲೆ ಅವುಗಳಷ್ಟು ಸ್ಪಷ್ಟವಾದವು ಬೇರೆ ಇಲ್ಲ.

ನರ್ಸ್: ಅಷ್ಟೊಂದು ಪದಗಳನ್ನ ನೆನಪಿಡೋದು ಹೇಗೆ? ಪುಸ್ತಕದ ಹಿಂದಿನ ಪಟ್ಟಿ ನೋಡಿದರೇ ಎದೆ ಝಲ್ ಅನ್ನುತ್ತೆ.

ಟೀಚರ್: ಪಟ್ಟಿಯನ್ನ ನಾಲ್ಕು ಮನೆ ಮಾಡು. ಮೊದಲ ಮನೆಯವು ಬದಲಾಗೋದೇ ಇಲ್ಲ. ಕಟ್, ಪುಟ್, ಹಿಟ್, ಶಟ್, ಹರ್ಟ್, ಲೆಟ್. ಮೂರೂ ರೂಪ ಒಂದೇ, ತಪ್ಪು ಮಾಡೋಕೆ ಅವಕಾಶವೇ ಇಲ್ಲ. ಎರಡನೇ ಮನೆಯಲ್ಲಿ ಎರಡನೇ ರೂಪ, ಮೂರನೇ ರೂಪ ಒಂದೇ. ಬ್ರಿಂಗ್, ಬ್ರಾಟ್, ಬ್ರಾಟ್. ಕೀಪ್, ಕೆಪ್ಟ್, ಕೆಪ್ಟ್. ಸೆಂಡ್, ಸೆಂಟ್, ಸೆಂಟ್. ಫೀಲ್, ಟೆಲ್, ಫೈಂಡ್, ಹೋಲ್ಡ್, ಟೀಚ್ ಎಲ್ಲ ಇಲ್ಲೇ. ಇದು ದೊಡ್ಡ ಮನೆ. ಇಲ್ಲಿಯೂ ಮೂರನೆಯದು ಯಾವುದು ಅಂತ ಆರಿಸುವ ಪ್ರಶ್ನೆ ಬರಲ್ಲ.

ನರ್ಸ್: ಅಂದರೆ ಅರ್ಧಕ್ಕರ್ಧ ಪಟ್ಟಿಗೆ ಹೆದರಬೇಕಾಗೇ ಇಲ್ಲ.

ಟೀಚರ್: ಹೌದು. ಮೂರನೇ ಮನೆ ಪುಟ್ಟದು. ಕಮ್, ಕೇಮ್, ಕಮ್. ಬಿಕಮ್, ಬಿಕೇಮ್, ಬಿಕಮ್. ರನ್, ರ‍್ಯಾನ್, ರನ್. ಹೊರಟಲ್ಲಿಗೇ ವಾಪಸು. ‘ಹ್ಯಾಸ್ ಕೇಮ್’ ಅನ್ನುವ ತಪ್ಪು ಹುಟ್ಟೋದು ಇಲ್ಲಿ. ಸರಿ ರೂಪ ‘ಹ್ಯಾಸ್ ಕಮ್’. ನಾಲ್ಕನೇ ಮನೆಯಲ್ಲಿ ಮೂರೂ ಬೇರೆ. ಅದರಲ್ಲಿ ಎರಡು ದೊಡ್ಡ ಕುಟುಂಬ. ಒಂದು ಸ್ವರದ ಕುಟುಂಬ: ಸಿಂಗ್, ಸ್ಯಾಂಗ್, ಸಂಗ್. ಡ್ರಿಂಕ್, ಡ್ರ್ಯಾಂಕ್, ಡ್ರಂಕ್. ರಿಂಗ್, ಸ್ವಿಮ್, ಬಿಗಿನ್ ಕೂಡ ಹಾಗೇ. ‘ಇ’ ಈಗಿನದು, ‘ಆ್ಯ’ ಒಂಟಿಯಾಗಿ ನಿಲ್ಲುತ್ತೆ, ‘ಅ’ ಹೆಗಲು ಬೇಡುತ್ತೆ. ಇನ್ನೊಂದು ನಕಾರದ ಕುಟುಂಬ: ಗಿವನ್, ಟೇಕನ್, ಈಟನ್, ಸೀನ್, ನೋನ್, ಫಾಲನ್, ರಿಟನ್, ಬ್ರೋಕನ್, ಸ್ಪೋಕನ್, ಸ್ಟೋಲನ್. ನಮ್ಮವರ ತಪ್ಪುಗಳು ಹೆಚ್ಚಾಗಿ ಈ ಕಡೆಯ ಎರಡು ಮನೆಗಳಲ್ಲೇ ಆಗೋದು.

ನರ್ಸ್: ‘ಬ್ರೋಕ್ ಚೇರ್’ ಅಂತ ನಮ್ಮ ವಾರ್ಡಿನ ಸ್ಟೋರಿಗೆ ಚೀಟಿ ಬರೆದಿದ್ದೂ ನಾನೇ. ಮುರಿದ ಕುರ್ಚಿ ಅಂತ ಮನಸ್ಸಿನಲ್ಲಿತ್ತು.

ಟೀಚರ್: ಅದು ಕನ್ನಡ ತಂದಿಡುವ ತೊಡಕು. ‘ಕುರ್ಚಿ ಮುರಿದ’ ಅನ್ನುವಾಗಲೂ ‘ಮುರಿದ’, ‘ಮುರಿದ ಕುರ್ಚಿ’ ಅನ್ನುವಾಗಲೂ ‘ಮುರಿದ’. ನಮಗೆ ಎರಡಕ್ಕೂ ಒಂದೇ ರೂಪ ಸಾಕು. ಇಂಗ್ಲಿಷಿನಲ್ಲಿ ನಾಮಪದದ ಮುಂದೆ ವಿಶೇಷಣವಾಗಿ ನಿಲ್ಲುವ ಹಕ್ಕು ಮೂರನೆಯದಕ್ಕೆ ಮಾತ್ರ. ಬ್ರೋಕನ್ ಚೇರ್, ಸ್ಟೋಲನ್ ಬೈಕ್, ಫ್ರೋಜನ್ ಫುಡ್. ‘ಬ್ರೋಕ್’ ಒಂದೇ ಬಂದರೆ ಕೈಯಲ್ಲಿ ಕಾಸಿಲ್ಲದವನು ಅಂತ ಆಡುಮಾತಿನ ಅರ್ಥ. ‘ಹೋಗಿ’ ನಿನಗೆ ನೆರವಾದ ಹಾಗೆ ‘ಮುರಿದ’ ಆಗಲ್ಲ. ಎಲ್ಲಿ ಕನ್ನಡ ಕೈಹಿಡಿದು ನಡೆಸುತ್ತೆ, ಎಲ್ಲಿ ಕೈಬಿಡುತ್ತೆ ಅನ್ನೋದನ್ನ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ನರ್ಸ್: ಇನ್ನೆಲ್ಲಿ ಕೈಬಿಡುತ್ತೆ?

ಟೀಚರ್: ಕಾಲದ ವಿಷಯದಲ್ಲಿ. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಅಂತೀವಿ. ಅದನ್ನ ಹಾಗೇ ಎತ್ತಿ ‘ಐ ಹ್ಯಾಡ್ ಕಮ್ ಟು ಯುವರ್ ಹೌಸ್ ಯೆಸ್ಟರ್‌ಡೇ’ ಅಂತ ಬರೀತೀವಿ. ಇಂಗ್ಲಿಷಿನಲ್ಲಿ ‘ಹ್ಯಾಡ್’ ಬಂದರೆ ಓದುವವರು ಇನ್ನೊಂದು ಘಟನೆಗಾಗಿ ಕಾಯ್ತಾರೆ. ಬಂದಿದ್ದೆ, ಆಮೇಲೆ ಏನಾಯ್ತು? ಅದಕ್ಕೂ ಹಿಂದಿನದು ಅಂತ ತೋರಿಸೋದಕ್ಕೇ ‘ಹ್ಯಾಡ್’ ಇರೋದು. ಬರೀ ನಿನ್ನೆಯ ಸಂಗತಿಗೆ ‘ಐ ಕೇಮ್’ ಸಾಕು. ಹಾಗೇ ‘ನಿನ್ನೆ ನೋಡಿದ್ದೀನಿ’ ಅಂತ ನಾವು ಸಲೀಸಾಗಿ ಹೇಳಬಹುದು. ಇಂಗ್ಲಿಷಿನಲ್ಲಿ ‘ಹ್ಯಾವ್ ಸೀನ್’ ಮತ್ತು ‘ಯೆಸ್ಟರ್‌ಡೇ’ ಒಂದೇ ವಾಕ್ಯದಲ್ಲಿ ಹೊಂದಲ್ಲ. ಹೊತ್ತು ಹೇಳಿದೆಯೋ, ಎರಡನೇ ರೂಪ. ಹೊತ್ತು ಹೇಳದೆ ಅದರ ಫಲ ಈಗಲೂ ಇದೆ ಅಂತ ತಿಳಿಸ್ತೀಯೋ, ಹ್ಯಾವ್ ಮತ್ತು ಮೂರನೇ ರೂಪ.

ನರ್ಸ್: ‘ಎಂಟು ಗಂಟೆಗೆ ಊಟ ಮಾಡಿದರು’ ಅಂದರೆ ‘ಏಟ್’. ‘ಊಟ ಆಗಿದೆ, ಈಗ ಮಾತ್ರೆ ಕೊಡಬಹುದು’ ಅಂದರೆ ‘ಹ್ಯಾಸ್ ಈಟನ್’.

ಟೀಚರ್: ಇಷ್ಟು ಚೆನ್ನಾದ ಉದಾಹರಣೆ ನನ್ನ ಪಾಠದಲ್ಲಿ ಇರಲಿಲ್ಲ. ಹೆರಿಗೆ ವಾರ್ಡಿಗೂ ಒಂದು ಹೇಳ್ತೀನಿ. ‘ಐ ಆ್ಯಮ್ ಬೋರ್ನ್ ಇನ್ ಮೈಸೂರ್’ ಅಂತ ತುಂಬಾ ಮಕ್ಕಳು ಬರೀತಾರೆ. ‘ಬೋರ್ನ್’ ಯಾವ ಕ್ರಿಯಾಪದದ ಮೂರನೇ ರೂಪ ಗೊತ್ತಾ? ‘ಬೇರ್’. ಅಂದರೆ ಹೊರು, ಹೆರು. ನಮಗೆ ಹುಟ್ಟೋದು ಮಗು ತಾನೇ ಮಾಡುವ ಕೆಲಸ. ಇಂಗ್ಲಿಷಿನಲ್ಲಿ ಅದು ಮಗುವಿಗೆ ಆಗುವ ಸಂಗತಿ. ‘ಐ ವಾಸ್ ಬೋರ್ನ್’ ಅಂದರೆ ಅಕ್ಷರಶಃ ‘ನನ್ನನ್ನು ಹೆರಲಾಯಿತು’. ಹೆತ್ತವಳು ಆ ವಾಕ್ಯದಲ್ಲಿ ಕಾಣಿಸಲ್ಲ, ಆದರೆ ಆ ಪದದೊಳಗೆ ಇದ್ದಾಳೆ. ಆದದ್ದು ಆಗಿಹೋದದ್ದರಿಂದ ‘ವಾಸ್’.

ನರ್ಸ್: ಆದರೂ ಒಂದು ಕೇಳ್ತೀನಿ. ಎಲ್ಲಕ್ಕೂ ‘ಎಡ್’ ಸೇರಿಸಿಬಿಟ್ಟಿದ್ದರೆ ಆಗ್ತಿತ್ತಲ್ಲ? ಭಾಷೆ ಯಾಕೆ ಇಷ್ಟು ತೊಡಕಾಗಿರಬೇಕು?

ಟೀಚರ್: ನಿಮ್ಮ ಮಕ್ಕಳ ವಾರ್ಡಿನಲ್ಲಿ ಎರಡು ಮೂರು ವರ್ಷದ ಕೂಸುಗಳ ಮಾತು ಕೇಳಿದ್ದೀಯಾ?

ನರ್ಸ್: ಮೊನ್ನೆ ಒಂದು ಮಗು ‘ನಮ್ಮಪ್ಪ ಬೊಂಬೆ ತರಿದ್ರು’ ಅಂತು.

ಟೀಚರ್: ‘ತಂದರು’ ಅನ್ನೋದರ ಬದಲು ‘ತರಿದ್ರು’. ಮಾಡಿದ್ರು, ಓದಿದ್ರು ಕೇಳಿ ಆ ಕೂಸು ತಾನೇ ಒಂದು ನಿಯಮ ಕಟ್ಟಿಕೊಂಡಿದೆ. ಇಂಗ್ಲಿಷ್ ಮನೆಗಳ ಮಕ್ಕಳು ‘ಗೋಡ್’, ‘ಈಟೆಡ್’ ಅಂತಾರೆ, ಅದೇ ಕಾರಣಕ್ಕೆ. ದೊಡ್ಡವರ ಬಾಯಲ್ಲಿ ‘ತಂದರು’ ಸಾವಿರ ಸಲ ಕಿವಿಗೆ ಬಿದ್ದ ಮೇಲೆ ನಿಯಮ ಹಿಂದೆ ಸರಿದು ಆ ಪದ ಕೂತುಕೊಳ್ಳುತ್ತೆ. ಕನ್ನಡದಲ್ಲಿ ನಿಯಮಕ್ಕೆ ಬಗ್ಗದವು ಯಾವುವು, ನೋಡು: ಬರು ಬಂದ, ತರು ತಂದ, ಕೊಡು ಕೊಟ್ಟ, ನಿಲ್ಲು ನಿಂತ, ಬೀಳು ಬಿದ್ದ, ಏಳು ಎದ್ದ, ಅಳು ಅತ್ತ, ನಗು ನಕ್ಕ, ಸಾಯು ಸತ್ತ. ಬದುಕಿನ ದಿನನಿತ್ಯದ ಕ್ರಿಯೆಗಳೇ. ಇಂಗ್ಲಿಷಿನಲ್ಲೂ ಬಿ, ಹ್ಯಾವ್, ಡು, ಸೇ, ಗೋ, ಗೆಟ್, ಮೇಕ್, ಟೇಕ್, ಸೀ, ಕಮ್ ಅತಿ ಹೆಚ್ಚು ಬಳಕೆಯ ಕ್ರಿಯಾಪದಗಳು. ಎಲ್ಲವೂ ಅಕ್ರಮವೇ.

ನರ್ಸ್: ಬಳಕೆ ಹೆಚ್ಚಾದಷ್ಟೂ ಹಳೆಯ ರೂಪ ಗಟ್ಟಿಯಾಗಿ ಉಳಿಯುತ್ತಾ?

ಟೀಚರ್: ಅದನ್ನ ಲೆಕ್ಕ ಹಾಕಿ ತೋರಿಸಿದ್ದಾರೆ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹಳೆಯ ಇಂಗ್ಲಿಷಿನ 177 ಅಕ್ರಮ ಕ್ರಿಯಾಪದಗಳ ಜಾಡು ಹಿಡಿಯಿತು. ಇವತ್ತಿಗೆ ಅಕ್ರಮವಾಗಿ ಉಳಿದವು ಅವುಗಳಲ್ಲಿ 98. ಬಳಕೆ ನೂರು ಪಟ್ಟು ಕಡಿಮೆಯಿರುವ ಪದ ಹತ್ತು ಪಟ್ಟು ಬೇಗ ‘ಎಡ್’ ಕಡೆಗೆ ವಾಲುತ್ತೆ ಅಂತ ಕಂಡುಕೊಂಡರು. ‘ಹೆಲ್ಪ್’ ಅನ್ನೋದಕ್ಕೆ ಹಿಂದೆ ‘ಹೋಲ್ಪ್’, ‘ಹೋಲ್ಪನ್’ ಅಂತ ರೂಪಗಳಿದ್ದವು. ಈಗ ‘ಹೆಲ್ಪ್ಡ್’ ಒಂದೇ. ಹೊಸದಾಗಿ ಹುಟ್ಟುವ ಕ್ರಿಯಾಪದಕ್ಕೆ ‘ಎಡ್’ ಕಟ್ಟಿಟ್ಟದ್ದು, ‘ಗೂಗಲ್ಡ್’ ಅಂತಾರಲ್ಲ ಹಾಗೆ. ನಾವೂ ಹೊಸ ಕ್ರಿಯೆಗೆ ‘ಇಸಿದ’ ಸೇರಿಸ್ತೀವಿ, ‘ಫೋನಾಯಿಸಿದ’ ಅಂತ. ಹೊಸಬರು ನಿಯಮ ಪಾಲಿಸ್ತಾರೆ, ಮನೆಯ ಹಿರಿಯರು ತಮ್ಮ ರೂಢಿ ಬಿಡಲ್ಲ.

ನರ್ಸ್: ‘ಗೋ’ ಮತ್ತು ‘ವೆಂಟ್’ ನಡುವೆ ಒಂದು ಅಕ್ಷರದ ಹೋಲಿಕೆಯೂ ಇಲ್ಲವಲ್ಲ?

ಟೀಚರ್: ಅವು ಒಂದೇ ತಾಯಿಯ ಮಕ್ಕಳಲ್ಲ. ‘ವೆಂಟ್’ ಅನ್ನೋದು ‘ವೆಂಡ್’ ಅನ್ನೋ ಬೇರೆ ಕ್ರಿಯಾಪದದ ಭೂತರೂಪ. ‘ಸೆಂಡ್’, ‘ಸೆಂಟ್’ ಇದ್ದ ಹಾಗೆ. ‘ಗೋ’ದ ಹಳೆಯ ಭೂತರೂಪ ಬಿದ್ದುಹೋಗಿ, ಆ ಜಾಗಕ್ಕೆ ಇದು ಬಂದು ಕೂತಿತು. ಮೂರನೇ ಜಾಗದಲ್ಲಿ ಮಾತ್ರ ‘ಗೋ’ದ ಸ್ವಂತ ಮಗು ‘ಗಾನ್’ ಉಳಿಯಿತು. ಆ ಕೊನೆಯ ‘ನ್’ ಕೂಡ ತುಂಬಾ ಹಳೆಯದು. ‘ಛಿನ್ನಭಿನ್ನ’ ಅಂತೀವಲ್ಲ?

ನರ್ಸ್: ಚೂರುಚೂರಾಯ್ತು ಅನ್ನೋದಕ್ಕೆ.

ಟೀಚರ್: ಸಂಸ್ಕೃತದಲ್ಲಿ ‘ಭಿದ್’ ಧಾತುವಿಗೆ ‘ನ’ ಪ್ರತ್ಯಯ ಸೇರಿ ‘ಭಿನ್ನ’. ಅಂದರೆ ಸೀಳಲ್ಪಟ್ಟದ್ದು. ಛಿನ್ನ, ಭಗ್ನ, ಜೀರ್ಣ, ಪೂರ್ಣ ಎಲ್ಲ ಹಾಗೇ ಆದವು. ಇನ್ನು ಕೆಲವಕ್ಕೆ ‘ತ’: ಕೃತ, ಗತ, ಮೃತ, ಲಿಖಿತ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಹೇಳಿದರು. ಇಂಗ್ಲಿಷೂ ಆ ಬಳಗದ್ದೇ. ಆ ‘ನ’ವೇ ಗಿವನ್, ಟೇಕನ್‌ಗಳ ‘ನ್’. ಆ ‘ತ’ದ ಬಳಗದ್ದೇ ‘ಎಡ್’. ನಾಯಿ ಕಚ್ಚಿ ಬಂದವರ ಚೀಟಿಯಲ್ಲಿ ನೀವು ಬರೆಯುವ ‘ಬಿಟನ್’ ಇದೆಯಲ್ಲ, ಅದರ ಮೂಲ ‘ಬೈಟ್’ ಮತ್ತು ನಮ್ಮ ‘ಭಿದ್’ ಒಂದೇ ಧಾತು. ‘ಬಿಟನ್’ ಮತ್ತು ‘ಭಿನ್ನ’ ಒಡಹುಟ್ಟಿದವು.

ನರ್ಸ್: ಅಯ್ಯೋ, ಇದು ಗೊತ್ತಿದ್ದರೆ ‘ಬಿಟನ್’ ಎಂದೂ ಮರೆಯುತ್ತಿರಲಿಲ್ಲ.

ಟೀಚರ್: ನಮ್ಮ ‘ಹೋಗಿ’ ಆ ಬಳಗದ್ದಲ್ಲ, ಅದು ದ್ರಾವಿಡದ ಸ್ವಂತ ಸೊತ್ತು. ಆದರೆ ಕೆಲಸ ಅದೇ. ನಂಟಿಲ್ಲದ ಎರಡು ಭಾಷೆಗಳೂ ಮುಗಿದ ಕೆಲಸವನ್ನ ಇನ್ನೊಂದು ಪದದ ಹೆಗಲ ಮೇಲೆ ಇಟ್ಟವು. ಒಂದನ್ನ ನೀನು ತೊಟ್ಟಿಲಲ್ಲೇ ಕಲಿತೆ. ಇನ್ನೊಂದನ್ನ ದೊಡ್ಡವಳಾಗಿ ಕಲೀತಿದ್ದೀಯ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಇಂಗ್ಲಿಷೇ ತಾಯ್ನುಡಿಯಾದ ಊರುಗಳಲ್ಲೂ ‘ಐ ಸೀನ್ ಇಟ್’, ‘ಹ್ಯಾವ್ ವೆಂಟ್’ ಆಡುಮಾತಿನಲ್ಲಿ ಕೇಳಿಬರುತ್ತೆ.

ನರ್ಸ್: ಮತ್ತೆ ನಾವು ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು? ಅರ್ಥ ಆದರೆ ಸಾಲದಾ?

ಟೀಚರ್: ಆಡುಮಾತಿನಲ್ಲಿ ಸಾಕು. ಎದುರಿಗೆ ಮುಖ ಇರುತ್ತೆ, ಅನುಮಾನ ಬಂದರೆ ಕೇಳ್ತಾರೆ. ಹಾಳೆಗೆ ಮುಖ ಇಲ್ಲ. ನೀನು ಮನೆಗೆ ಹೋಗಿ ಮಲಗಿದ ಮೇಲೆ ನಿನ್ನ ಬದಲು ಮಾತಾಡೋದು ಆ ಸಾಲು ಮಾತ್ರ. ಇವತ್ತು ಬೆಳಗ್ಗೆ ನಿಮ್ಮ ವಾರ್ಡಿನಲ್ಲಿ ನಗು ಬಂತು. ಅದೇ ಸಾಲು ಇನ್ನೊಂದು ಆಸ್ಪತ್ರೆಗೆ ಹೋಗುವ ಪತ್ರದಲ್ಲಿದ್ದರೆ?

ನರ್ಸ್: ಆಸ್ಪತ್ರೆ ಕೆಲಸದವರಿಗೆ ಇರುವ ಇಂಗ್ಲಿಷ್ ಪರೀಕ್ಷೆ ಓಇಟಿಯಲ್ಲೂ ಅಂಥ ಪತ್ರವನ್ನೇ ಬರೆಯಬೇಕು. 180ರಿಂದ 200 ಪದ. ರೋಗಿಯನ್ನ ಬೇರೆಯವರ ಕೈಗೆ ಒಪ್ಪಿಸುವ ಪತ್ರ.

ಟೀಚರ್: ಹಾಗಾದರೆ ಪಟ್ಟಿ ಬಿಡು, ವಾಕ್ಯ ಹಿಡಿ. ‘ಗಿವ್, ಗೇವ್, ಗಿವನ್’ ಅಂತ ಉರು ಹೊಡೆಯಬೇಡ. ಒಂದೊಂದು ಕ್ರಿಯಾಪದಕ್ಕೂ ನಿನ್ನ ಕೆಲಸದ್ದೇ ಎರಡು ವಾಕ್ಯ ಬರೆದುಕೋ. ‘ಐ ಗೇವ್ ದ ಟ್ಯಾಬ್ಲೆಟ್ ಅಟ್ ಟೆನ್.’ ‘ದ ಟ್ಯಾಬ್ಲೆಟ್ ಹ್ಯಾಸ್ ಬೀನ್ ಗಿವನ್.’ ದಿನಕ್ಕೆ ಮೂರು ಕ್ರಿಯಾಪದ ಸಾಕು. ಗಟ್ಟಿಯಾಗಿ ಓದು, ಕಿವಿ ಪಳಗಲಿ. ಮೂರನೇ ರೂಪವನ್ನ ಯಾವತ್ತೂ ಒಂಟಿಯಾಗಿ ನೆನಪಿಡಬೇಡ, ಅದರ ಹೆಗಲಿನ ಜೊತೆಗೇ ನೆನಪಿಡು. ‘ಹ್ಯಾಸ್ ಗಾನ್’, ‘ವಾಸ್ ಸೀನ್’, ‘ಹ್ಯಾಸ್ ಬೀನ್ ಟೇಕನ್’ ಅಂತ ಜೋಡಿಯಾಗಿ. ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೋ: ವಾಕ್ಯದ ಮೊದಲಿಗೆ ನಿಂತವರು ಕೆಲಸ ಮಾಡಿದರಾ, ಅವರಿಗೆ ಕೆಲಸ ಆಯಿತಾ?

ನರ್ಸ್: ನಮ್ಮ ರೋಗಿಗಳಿಗೆ ಹೆಚ್ಚಾಗಿ ಆಗುವಂಥದ್ದೇ, ಟೀಚರ್. ಅವರನ್ನ ಎತ್ತುತ್ತೀವಿ, ಮಲಗಿಸ್ತೀವಿ, ಚುಚ್ಚುತ್ತೀವಿ, ತೊಳೀತೀವಿ. ತಾವಾಗಿ ಮಾಡೋದು ಸ್ವಲ್ಪವೇ. ಒಬ್ಬರು ಮೊದಲ ಸಲ ತಾವೇ ಎದ್ದು ನಾಲ್ಕು ಹೆಜ್ಜೆ ನಡೆದರೆ ಆ ಸಾಲನ್ನ ಬರೆಯುವಾಗ ನಮಗೇ ಖುಷಿ.

ಟೀಚರ್: ನೋಡಿದೆಯಾ, ಎರಡನೇ ರೂಪಕ್ಕೂ ಮೂರನೇ ರೂಪಕ್ಕೂ ಇರುವ ವ್ಯತ್ಯಾಸವನ್ನ ನನಗಿಂತ ಚೆನ್ನಾಗಿ ನೀನೇ ಹೇಳಿಬಿಟ್ಟೆ. ರೋಗಿ ತಾನೇ ಮಾಡಿದ್ದು ಯಾವುದು, ಅವನಿಗೆ ನೀವು ಮಾಡಿದ್ದು ಯಾವುದು ಅಂತ ಆ ಹಾಳೆ ಹೇಳಬೇಕು. ತಗೋ ಪೆನ್ನು. ನಿನ್ನೆ ರಾತ್ರಿಯ ಆ ಸಾಲನ್ನ ಈಗ ಬರೆ.

ನರ್ಸ್: ‘ದ ಪೇಶೆಂಟ್ ವಾಸ್ ಗಿವನ್ ಟೂ ಯೂನಿಟ್ಸ್ ಆಫ್ ಬ್ಲಡ್.’ ಇದರ ಕೆಳಗೆ ಇನ್ನೊಂದು ಸಾಲೂ ಬರೀಬೇಕಿತ್ತು. ಬೆಳಗಿನ ಜಾವ ಅವರು ಕಣ್ಣು ಬಿಟ್ಟು ನೀರು ಕೇಳಿದರು. ತಾವೇ ಲೋಟ ಹಿಡಿದು ಅರ್ಧ ಲೋಟ ಕುಡಿದರು.

ಟೀಚರ್: ಬರೆ.

ನರ್ಸ್: ‘ಶಿ ಡ್ರ್ಯಾಂಕ್ ಹಾಫ್ ಎ ಗ್ಲಾಸ್ ಆಫ್ ವಾಟರ್.’ ಡ್ರ್ಯಾಂಕ್. ಇದಕ್ಕೆ ಹೆಗಲು ಬೇಡ, ಟೀಚರ್. ಅವರೇ ಕುಡಿದದ್ದು.